ಕೊನೇ ಪಂಕ್ತಿ ಯಾರದು?

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವವರ ಹಣೆಯಲ್ಲಿ ಕೋಡಿಂಗ್ ಅಲ್ಲದೆ ಇನ್ನೊಂದು ಕೆಲಸವನ್ನೂ ಬರೆದಿರುತ್ತೆ. ಅದು ಕಮಿಟಿ. ಆನ್ಯುಯಲ್ ಡೇ ಕಮಿಟಿ, ಫ್ಯಾಮಿಲಿ ಡೇ ಕಮಿಟಿ, ರಾಜ್ಯೋತ್ಸವ ಕಮಿಟಿ. ಇದರಿಂದ ಸಂಬಳವೇನೂ ಹೆಚ್ಚಾಗಲ್ಲ, ವಾಟ್ಸ್‌ಆ್ಯಪ್ ಗ್ರೂಪ್ ಮಾತ್ರ ಒಂದು ಹೆಚ್ಚಾಗುತ್ತೆ. ಹೋದ ವರ್ಷ ಡಿಸೆಂಬರ್‌ನಲ್ಲಿ ಆನ್ಯುಯಲ್ ಡೇ ಕಮಿಟಿಗೆ ನನ್ನ ಹೆಸರು ಬಂತು. ಮನೆಯವರೂ ಸೇರಿ 600 ಜನರ ಕಾರ್ಯಕ್ರಮ. ನಾವು ನಾಲ್ಕು ಜನ, ನಮ್ಮ ಜೊತೆ ಒಂದು ಈವೆಂಟ್ ಏಜೆನ್ಸಿ.

ಇಡೀ ಕಾರ್ಯಕ್ರಮ ಒಂದು ಎಕ್ಸೆಲ್ ಶೀಟಿನಲ್ಲಿತ್ತು. 13ನೇ ಸಾಲು: ಫ್ಯಾಷನ್ ಶೋ. 15ನೇ ಸಾಲು: ಡಿಜೆ. ನಡುವೆ 14ನೇ ಸಾಲಿನಲ್ಲಿ ‘ಸಿಎಸ್‌ಆರ್ ಚಟುವಟಿಕೆ, 20 ನಿಮಿಷ’ ಅಂತ ಇತ್ತು. ಏಜೆನ್ಸಿಯ ಹುಡುಗ ಉತ್ಸಾಹದಿಂದ ವಿವರಿಸಿದ. ಒಂದು ಆಶ್ರಮದಿಂದ 12 ಮಕ್ಕಳನ್ನು ಕರೆಸೋದು, ಅವರಿಂದ ಒಂದು ಹಾಡು ಹಾಡಿಸೋದು, ನಮ್ಮ ದೊಡ್ಡವರ ಕೈಯಿಂದ ಸ್ಕೂಲ್ ಬ್ಯಾಗ್ ಕೊಡಿಸೋದು, ಫೋಟೋ. ಹೊರಡುವಾಗ ಬಂದವರಿಗೆಲ್ಲ ಒಂದೊಂದು ಸಸಿ. “ಎಲ್ಲ ಕಂಪನಿಗೂ ಇದನ್ನೇ ಮಾಡ್ತೀವಿ ಮೇಡಂ, ತುಂಬಾ ಎಮೋಷನಲ್ ಆಗಿರುತ್ತೆ” ಅಂದ.

ನನಗೆ ಬಂದದ್ದು ಎರಡೇ ಪ್ರಶ್ನೆ. ಮೊದಲನೆಯದು, ಶೀಟಿನ ಪ್ರಕಾರ ಆ 20 ನಿಮಿಷ ಶುರುವಾಗೋದು ರಾತ್ರಿ 8:40ಕ್ಕೆ. ಮಕ್ಕಳು ಸಂಜೆಯಿಂದ ಎಲ್ಲಿ ಕೂತಿರ್ತಾರೆ, ಎಷ್ಟು ಹೊತ್ತಿಗೆ ಊಟ ಮಾಡ್ತಾರೆ? ಎರಡನೆಯದು, ಏಳನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿರುವವರು ಹೊಂಗೆ ಸಸಿ ತಗೊಂಡು ಏನು ಮಾಡ್ತಾರೆ? ಮೊದಲನೆಯದಕ್ಕೆ ಹುಡುಗ ಉತ್ತರ ಹುಡುಕಿದ. ಎರಡನೆಯದಕ್ಕೆ ಎಲ್ಲರೂ ನಕ್ಕರು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯನ್ನು ಕಾನೂನಿನಲ್ಲೇ ಬರೆದ ಮೊದಲ ಕೆಲವು ದೇಶಗಳಲ್ಲಿ ನಮ್ಮದೂ ಒಂದು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್, 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ – ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಒಂದು ದಿನದ ಮ್ಯಾರಥಾನ್, ಪ್ರಶಸ್ತಿ ಸಮಾರಂಭದಂಥ ಬಿಡಿ ಕಾರ್ಯಕ್ರಮಗಳು ಈ ಲೆಕ್ಕಕ್ಕೆ ಬರಲ್ಲ ಅಂತ ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯ 2014ರ ಜೂನ್‌ನಲ್ಲೇ ಸ್ಪಷ್ಟಪಡಿಸಿದೆ. ಬರೀ ನೌಕರರಿಗೂ ಅವರ ಮನೆಯವರಿಗೂ ಉಪಯೋಗವಾಗುವ ಖರ್ಚೂ ಬರಲ್ಲ.

ಅಂದ್ರೆ ನಮ್ಮ 14ನೇ ಸಾಲು ಕಾನೂನಿನ ಪ್ರಕಾರ ಸಿಎಸ್‌ಆರ್ ಅಲ್ಲವೇ ಅಲ್ಲ. ಅದು ಡಿಜೆಗೆ ಮುಂಚಿನ ಒಂದು ಐಟಂ. ಹಾಗಾದ್ರೆ ಸಮಾರಂಭ ಮಾಡುವವರಿಗೆ ಹೊಣೆಗಾರಿಕೆ ಅಂತ ಏನೂ ಇಲ್ಲವಾ? ಇದೆ. ಅದು 14ನೇ ಸಾಲಿನಲ್ಲಿಲ್ಲ, ಉಳಿದೆಲ್ಲ ಸಾಲುಗಳಲ್ಲಿದೆ. ಹೀಗೆ ಹೇಳೋಕೆ ನನಗೆ ಧೈರ್ಯ ಬಂದದ್ದು ನನ್ನ ಮಾವನಿಂದ.

ನನ್ನ ಸೋದರಮಾವನದು ತುಮಕೂರಿನಲ್ಲಿ ಶಾಮಿಯಾನ ಅಂಗಡಿ. ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ನಾನು ಅವರ ಮನೆಯಲ್ಲೇ ಇದ್ದೆ. ಸರ್ವೆ ಕಂಬ, ಹಗ್ಗ, ಜಮಖಾನಗಳ ನಡುವೆ ಕೂತು ಡೇಟಾ ಸ್ಟ್ರಕ್ಚರ್ ಓದಿದವಳು ನಾನು. ರಾತ್ರಿ ಹುಡುಗರು ಟಾಟಾ ಏಸ್‌ನಿಂದ ಕುರ್ಚಿ ಇಳಿಸುವ ಸದ್ದಿಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಮಾವನ ಬಾಕಿ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಿಕೊಟ್ಟದ್ದೂ ನಾನೇ. ಯಾರು ಯಾವಾಗ ದುಡ್ಡು ಕೊಡ್ತಾರೆ ಅನ್ನೋದು ಆ ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಮದುವೆಮನೆಯವರು ಚೌಕಾಸಿ ಮಾಡ್ತಾರೆ, ಗೊಣಗ್ತಾರೆ, ಆದ್ರೆ ಪೆಂಡಾಲ್ ಬಿಚ್ಚುವ ಹೊತ್ತಿಗೆ ಲೆಕ್ಕ ಚುಕ್ತಾ. ಊರ ಜಾತ್ರೆಯವರದು ಹಬ್ಬ ಮುಗಿದ ವಾರಕ್ಕೆ ಬರುತ್ತೆ.

ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ಏಜೆನ್ಸಿಯ ಮೂಲಕ ಮಾವನಿಗೆ ದೊಡ್ಡ ಕೆಲಸ ಸಿಕ್ಕಿತು. ನೆಲಮಂಗಲದ ಕಡೆ ಒಂದು ರೆಸಾರ್ಟ್‌ನಲ್ಲಿ ಯಾವುದೋ ಕಂಪನಿಯ ಕಾರ್ಯಕ್ರಮ. 14 ಹುಡುಗರು, ಮೂರು ದಿನ. ಬಿಲ್ಲು 2,40,000 ರೂಪಾಯಿ, ಮುಂಗಡ 40,000. ಕಾರ್ಯಕ್ರಮ ಭರ್ಜರಿಯಾಗಿ ನಡೀತು. ಹುಡುಗರ ಬಟವಾಡೆಯನ್ನು ಮಾವ ಆ ರಾತ್ರಿಯೇ ಕೊಟ್ಟರು, ಅವರ ಪದ್ಧತಿ ಅದು. ಉಳಿದ ಎರಡು ಲಕ್ಷ ಬಂದದ್ದು ನಾಲ್ಕು ಕಂತಿನಲ್ಲಿ, ಏಳು ತಿಂಗಳಿಗೆ. ಏಜೆನ್ಸಿಯವರನ್ನು ಕೇಳಿದ್ರೆ ಕಂಪನಿಯಿಂದ ಬಂದಿಲ್ಲ ಅಂದರು. ಕಂಪನಿಯಲ್ಲಿ ಯಾರನ್ನು ಕೇಳಬೇಕು ಅಂತ ಮಾವನಿಗೆ ಗೊತ್ತಿರಲಿಲ್ಲ. ಆ ಏಳು ತಿಂಗಳು ಅತ್ತೆಯ ಎರಡು ಬಳೆ ಗೋಲ್ಡ್ ಲೋನ್ ಕೌಂಟರಿನಲ್ಲಿದ್ದವು. ಬಳೆ ವಾಪಸ್ ಬಂತು. ಬಡ್ಡಿ ಮಾತ್ರ ಮಾವನ ಕೈಯಿಂದಲೇ ಹೋಯಿತು.

“ನಿಮ್ಮ ಕಂಪನಿಯವರು ಸ್ಟೇಜ್ ಮೇಲೆ ಚೆಕ್ ಕೊಡ್ತಾರಲ್ಲ ಪುಟ್ಟಿ, ಬಾಗಿಲಷ್ಟು ದೊಡ್ಡ ಚೆಕ್ಕು. ಆ ಸ್ಟೇಜ್ ಹಾಕಿದವನಿಗೆ ಒಂದು ಸಣ್ಣ ಚೆಕ್ ಬರೆಯೋಕೆ ಯಾಕೆ ಇಷ್ಟು ದಿನ?” ಅಂತ ಮಾವ ಒಮ್ಮೆ ಕೇಳಿದ್ದರು. ಅವರ ಮಾತಿನಲ್ಲಿ ಕೋಪ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕು ಅಂತ ಕೇಳಿದ್ದು.

ಹಾಗಾಗಿ ನಮ್ಮ ಕಮಿಟಿಯಲ್ಲಿ ನಾನು ಮೊದಲು ಎತ್ತಿದ್ದು ಹಣ ಪಾವತಿಯ ವಿಷಯ. ಇದೂ ಕಾನೂನಿನಲ್ಲಿದೆ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. 2006ರ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೆ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಯ 43ಬಿ ಸೆಕ್ಷನ್ನಿಗೆ ಇನ್ನೊಂದು ಬಿಗಿ ಸೇರಿಸಿತು: ಗಡುವು ದಾಟಿದರೆ ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದಲ್ಲಷ್ಟೇ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ನಮ್ಮ ಫೈನಾನ್ಸ್ ಮೇಡಂಗೆ ಇದೆಲ್ಲ ಬಾಯಿಪಾಠ. “ಏಜೆನ್ಸಿಗೆ ನಾವು ಯಾವತ್ತೂ ತಡ ಮಾಡಲ್ಲ” ಅಂದರು.

“ಏಜೆನ್ಸಿ ತನ್ನವರಿಗೆ ಯಾವಾಗ ಕೊಡುತ್ತೆ?” ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನಮ್ಮ ವ್ಯಾಪ್ತಿಗೆ ಬರಲ್ಲ” ಅಂದರು.

ಸಮಾರಂಭದ ಕೆಲಸದ ನಿಜವಾದ ಕಗ್ಗಂಟು ಇಲ್ಲೇ ಇರೋದು. ಕಂಪನಿ ಏಜೆನ್ಸಿಗೆ ಕೊಡುತ್ತೆ. ಏಜೆನ್ಸಿ ಸ್ಟೇಜಿನವರಿಗೆ, ಸೌಂಡಿನವರಿಗೆ, ಹೂವಿನವರಿಗೆ, ಅಡುಗೆಯವರಿಗೆ ಕೊಡಬೇಕು. ಅವರು ದಿನಗೂಲಿಯವರಿಗೆ ಕೊಡಬೇಕು. ಮೊದಲ ಕೊಂಡಿಯನ್ನು ಆಡಿಟರ್ ನೋಡ್ತಾರೆ. ಎರಡನೆಯ, ಮೂರನೆಯ ಕೊಂಡಿಯನ್ನು ನೋಡುವವರಿಲ್ಲ. ಆದರೆ ಕೆಲಸ ಒಪ್ಪಿಸುವ ದಿನ ಪೆನ್ನು ನಮ್ಮ ಕೈಯಲ್ಲೇ ಇರುತ್ತೆ. ಏಜೆನ್ಸಿಯ ಜೊತೆಗಿನ ಒಪ್ಪಂದದಲ್ಲಿ ಎರಡು ಸಾಲು ಸೇರಿಸೋಣ ಅಂತ ಕೇಳಿದ್ವಿ. ನಾವು ಅರ್ಧ ಹಣ ಮುಂಗಡ ಕೊಡ್ತೀವಿ, ಉಳಿದದ್ದು 15 ದಿನದಲ್ಲಿ. ಅದೇ ಷರತ್ತನ್ನು ನೀವು ನಿಮ್ಮ ಕೆಳಗಿನವರಿಗೂ ಪಾಲಿಸಬೇಕು, ಪಾವತಿಯ ವಿವರ ನಮಗೆ ಕಳಿಸಬೇಕು. ಏಜೆನ್ಸಿಯವರು ಒಂದು ವಾರ ಎಳೆದಾಡಿ ಸ್ಟೇಜು, ಸೌಂಡು, ಅಡುಗೆ – ಈ ಮೂವರಿಗೆ ಒಪ್ಪಿದರು. ಹೂವಿನವರಿಗೂ ಹೌಸ್‌ಕೀಪಿಂಗ್‌ನವರಿಗೂ ಒಪ್ಪಲಿಲ್ಲ. ಎಲ್ಲವೂ ಗೆದ್ದೆವು ಅಂತ ಬರೆಯೋಕೆ ನನಗೂ ಆಸೆ. ಆದ್ರೆ ಆದದ್ದು ಇಷ್ಟು.

ಆಮೇಲೆ ಊಟ. ಅದರ ಹಿಂದಿನ ವರ್ಷದ ಕಡತ ತೆಗೆದು ನೋಡಿದರೆ 600 ಊಟ ಹೇಳಿದ್ದರು, ಉಂಡವರು 430. ಮಿಕ್ಕದ್ದು ಎಲ್ಲಿಗೆ ಹೋಯಿತು ಅಂತ ಯಾರೂ ಬರೆದಿಟ್ಟಿರಲಿಲ್ಲ. ಐಟಿಯವರಿಗೆ ಇದು ದೊಡ್ಡ ಸಮಸ್ಯೆಯೇ ಅಲ್ಲ. ಒಂದು ಸಣ್ಣ ಫಾರ್ಮ್ ಮಾಡಿದ್ವಿ: ಬರ್ತೀರಾ, ಎಷ್ಟು ಜನ, ಊಟಕ್ಕೆ ಇರ್ತೀರಾ? ಎರಡು ದಿನ ಮುಂಚೆ ಇನ್ನೊಮ್ಮೆ ಕೇಳಿದ್ವಿ. 480 ಬಂತು. ಅಡುಗೆ ಭಟ್ಟರಿಗೆ 500 ಅಂತ ಹೇಳಿದ್ವಿ. “ಕಡಿಮೆ ಬಿದ್ರೆ ಮರ್ಯಾದೆ ಹೋಗುತ್ತೆ” ಅಂತ ನಮ್ಮ ಅಡ್ಮಿನ್‌ನವರಿಗೆ ಭಯ. ಭಟ್ಟರೇ ಸಮಾಧಾನ ಹೇಳಿದರು: “ಸಾರ್, ಅನ್ನ, ಚಪಾತಿ ಹಿಟ್ಟು ಪಕ್ಕದಲ್ಲಿಟ್ಟಿರ್ತೀವಿ, ಬೇಕಾದ್ರೆ ಅರ್ಧ ಗಂಟೆ ಕೆಲಸ. ಮಾಡಿಟ್ಟದ್ದನ್ನ ಎಸೆಯೋದೇ ನಮಗೆ ಸಂಕಟ.”

ಮಿಕ್ಕ ಊಟ ಹಂಚುವುದೂ ಅಂದುಕೊಂಡಷ್ಟು ಸುಲಭ ಅಲ್ಲ. ಬೇಯಿಸಿದ ಅಡುಗೆಯನ್ನು ಹಾಗೇ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 5ರಿಂದ 60 ಡಿಗ್ರಿ ನಡುವಿನ ಬಿಸಿಯಲ್ಲಿ ರೋಗಾಣು ಬೇಗ ಬೆಳೆಯುತ್ತೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಮಿಗುವ ಆಹಾರದ ಹಂಚಿಕೆಗೆಂದೇ ನಿಯಮ ಮಾಡಿದೆ. ಅಂದ್ರೆ ರಾತ್ರಿ 11ಕ್ಕೆ ಪಾತ್ರೆ ನೋಡಿ ‘ಯಾರಿಗಾದ್ರೂ ಫೋನ್ ಮಾಡಿ’ ಅನ್ನೋದು ದಾನ ಅಲ್ಲ, ಕೈತೊಳೆದುಕೊಳ್ಳೋದು. ಬಡಿಸುವ ಪಾತ್ರೆಗೆ ಬಾರದ, ಅಡುಗೆಮನೆಯಲ್ಲೇ ಬಿಸಿಯಾಗಿ ಮುಚ್ಚಿಟ್ಟ ಅಡುಗೆಯನ್ನಷ್ಟೇ ಕಳಿಸೋದು ಅಂತ ಮುಂಚೆಯೇ ಗೊತ್ತುಮಾಡಿದ್ವಿ. ಮಿಕ್ಕ ಊಟ ಹಂಚುವ ಒಂದು ಸ್ವಯಂಸೇವಕರ ಗುಂಪಿಗೆ ಮೂರು ದಿನ ಮೊದಲೇ ಸಮಯ ಹೇಳಿದ್ದೆವು. ರಾತ್ರಿ 9:45ಕ್ಕೆ ಬಂದರು, 10 ಗಂಟೆಗೆ ಹೊರಟರು.

ತಟ್ಟೆ, ಲೋಟ, ಬ್ಯಾನರ್ ವಿಷಯ ಬೇಗ ಮುಗೀತು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸುಗಳಿಗೆ 2016ರ ಮಾರ್ಚ್‌ನಿಂದಲೇ ನಿಷೇಧ ಇದೆ. ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳ ನಿಷೇಧ 2022ರ ಜುಲೈ 1ಕ್ಕೆ ಬಂತು. ಅಲಂಕಾರದ ಥರ್ಮಾಕೋಲೂ ಆ ಪಟ್ಟಿಯಲ್ಲಿದೆ. ಬೆಂಗಳೂರಿನಲ್ಲಿ ಅದಮ್ಯ ಚೇತನದಂಥ ಸಂಸ್ಥೆಗಳು ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತವೆ. ನಮ್ಮ ಅಡುಗೆಯವರ ಹತ್ತಿರವೇ ಸ್ಟೀಲಿನದು ಸಾಕಷ್ಟಿತ್ತು. ಬಟ್ಟೆ ಬ್ಯಾನರ್ ಬರೆಸುವಾಗ ಇಸವಿ ಹಾಕಬೇಡಿ ಅಂದ್ವಿ, ಮುಂದಿನ ವರ್ಷಕ್ಕೂ ಆಗುತ್ತೆ. ಹಸಿ ಕಸ, ಒಣ ಕಸಕ್ಕೆ ಬೇರೆ ಬೇರೆ ಡಬ್ಬ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ನಮ್ಮ ಮನೆಯಲ್ಲಿ ಅಮ್ಮ ದಿನಾ ಮಾಡೋದೇ.

ಮಕ್ಕಳ ವಿಷಯದಲ್ಲಿ ಸ್ವಲ್ಪ ಜಗ್ಗಾಟ ಆಯ್ತು. “ಅದನ್ನೂ ತೆಗೆದ್ರೆ ಹಾಕೋಕೆ ಫೋಟೋ ಏನಿರುತ್ತೆ?” ಅಂತ ನೇರವಾಗಿ ಕೇಳಿದವರು ಒಬ್ಬರು. ಪ್ರಾಮಾಣಿಕವಾದ ಪ್ರಶ್ನೆ, ನನಗೆ ಇಷ್ಟ ಆಯ್ತು. ಕೊನೆಗೆ ಬ್ಯಾಗುಗಳನ್ನು ಒಂದು ಶನಿವಾರ ಬೆಳಿಗ್ಗೆ ಇಬ್ಬರು ಸಹೋದ್ಯೋಗಿಗಳು ಆಶ್ರಮಕ್ಕೇ ಕೊಟ್ಟು ಬಂದರು. ಅಲ್ಲಿನವರು ಹೇಳಿದ್ದು ಇದು: ಬ್ಯಾಗು ಈಗಾಗಲೇ ಮೂರು ಕಡೆಯಿಂದ ಬಂದಿದೆ, ನಮಗೆ ಬೇಕಾದ್ದು ಎಸೆಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುವವರು. ಇದನ್ನು ಕೇಳಿಸಿಕೊಳ್ಳೋಕೆ ಸ್ಟೇಜ್ ಮೇಲೆ ಅವಕಾಶ ಇರುತ್ತಿರಲಿಲ್ಲ, ಅಲ್ವಾ? ಈಗ ನಮ್ಮಲ್ಲಿ ಐದು ಜನ ಪಾಳಿ ಹಾಕಿಕೊಂಡು ಶನಿವಾರ ಹೋಗ್ತಾರೆ. ಐದರಲ್ಲಿ ಇಬ್ಬರು ಆಗಾಗ ತಪ್ಪಿಸ್ತಾರೆ, ಅದೂ ನಿಜ.

ಇನ್ನು ಶೀರ್ಷಿಕೆಯಲ್ಲಿ ಕೇಳಿದ ಪ್ರಶ್ನೆ. ನಮ್ಮ ಕಡೆ ಮದುವೆಗಳಲ್ಲಿ ಕೊನೇ ಪಂಕ್ತಿ ಅಂತ ಒಂದಿದೆ. ನೆಂಟರೆಲ್ಲ ಉಂಡು ಕೈತೊಳೆದ ಮೇಲೆ ಅಡುಗೆಯವರು, ಬಡಿಸಿದವರು, ವಾಲಗದವರು, ಶಾಮಿಯಾನದ ಹುಡುಗರು ಸಾಲಾಗಿ ಕೂರುತ್ತಾರೆ. ಮದುವೆಮನೆಯ ಯಜಮಾನರು ಬಂದು, ಎಲೆ ಮುಂದೆ ನಿಂತು, ಇನ್ನೊಂದು ಹೋಳಿಗೆ ಹಾಕಿಸ್ತಾರೆ. ಹಳೆಯದೆಲ್ಲ ಚಿನ್ನ ಅಂತ ನಾನು ಹೇಳಲ್ಲ. ಯಾರು ಯಾವ ಪಂಕ್ತಿಯಲ್ಲಿ ಕೂರಬೇಕು ಅನ್ನೋದರ ಹಿಂದೆ ನಮ್ಮ ಊರುಗಳಲ್ಲಿ ಜಾತಿಯ ಕೆಟ್ಟ ಲೆಕ್ಕವೂ ಇತ್ತು. ಕೊನೇ ಪಂಕ್ತಿಯ ಹೊತ್ತಿಗೆ ಪಾಯಸ ತಳ ಕಂಡಿರೋದೂ ಉಂಟು. ಆದರೂ ಕೆಲಸ ಮಾಡಿದವರು ಉಣ್ಣದೆ ಮದುವೆ ಮುಗಿಯಲ್ಲ ಅನ್ನೋ ಒಂದು ನಂಬಿಕೆ ಅದರೊಳಗಿದೆ.

ಐಷಾರಾಮಿ ಹಾಲ್‌ನಲ್ಲಿ ನಡೆಯುವ ಕಾರ್ಯಕ್ರಮದಲ್ಲಿ ಈ ಪಂಕ್ತಿ ಎಲ್ಲಿದೆ? ಮಧ್ಯಾಹ್ನದಿಂದ ಕೇಬಲ್ ಎಳೆದ ಹುಡುಗ, ಸ್ವಾಗತಕ್ಕೆ ಅಂತ ನಾಲ್ಕು ಗಂಟೆ ಹೈ ಹೀಲ್ಸ್‌ನಲ್ಲಿ ನಿಂತ ಹುಡುಗಿಯರು, ಶೌಚಾಲಯದ ಬಾಗಿಲಲ್ಲಿ ಕೂತ ಹೌಸ್‌ಕೀಪಿಂಗ್ ಅಕ್ಕ, ಗೇಟಿನ ಸೆಕ್ಯುರಿಟಿ ಅಣ್ಣ. ಮಾವ ಹೇಳುತ್ತಿದ್ದರು, ಎಷ್ಟೋ ಕಡೆ ಇವರ ಊಟ ಬಿಲ್ಲಿನಲ್ಲೇ ಇರಲ್ಲ. ಹೊರಗೆ ಹೋಗಿ ತಿನ್ನೋಣ ಅಂದ್ರೆ ರೆಸಾರ್ಟ್ ಸುತ್ತ ಹೋಟೆಲ್ ಇರಲ್ಲ. ಬಿಸ್ಕತ್ತು, ಬಾಳೆಹಣ್ಣು ತಿಂದು ರಾತ್ರಿ ಮೂರರ ತನಕ ಸ್ಟೇಜ್ ಬಿಚ್ಚುತ್ತಾರೆ.

ನಮ್ಮ ಶೀಟಿನಲ್ಲಿ ಹೊಸ ಸಾಲು ಸೇರಿಸಿದ್ವಿ: ‘ಕೆಲಸದವರ ಊಟ, 62 ಜನ, ಅದೇ ಮೆನು’. ಜೊತೆಗೆ ನಿಂತು ಕೆಲಸ ಮಾಡುವವರಿಗೆ ಕುರ್ಚಿ, ಹೆಂಗಸರಿಗೆ ಬಟ್ಟೆ ಬದಲಿಸೋಕೆ ಒಂದು ಕೋಣೆ. ಇನ್ನೊಂದು ಸಾಲು ರಾತ್ರಿಯ ಕ್ಯಾಬಿನದು. ರಾತ್ರಿ ಪಾಳಿಯಲ್ಲಿ ದುಡಿಯುವ ನಮ್ಮಂಥ ಹೆಣ್ಣುಮಕ್ಕಳನ್ನು ಕಂಪನಿಯೇ ಮನೆಗೆ ತಲುಪಿಸಬೇಕು ಅಂತ ನಿಯಮ ಇದೆ. ಅದೇ ರಾತ್ರಿ, ಅದೇ ಹಾಲ್‌ನ ನೆಲ ಒರೆಸಿದ ಅಕ್ಕ ಮನೆಗೆ ಹೇಗೆ ಹೋಗ್ತಾರೆ ಅಂತ ಯಾವ ಶೀಟಿನಲ್ಲೂ ಇರಲಿಲ್ಲ. ಎರಡು ಟೆಂಪೋ ಟ್ರಾವೆಲರ್ ಹೇಳಿದ್ವಿ. ಅದರ ಖರ್ಚು ಸೆಲ್ಫಿ ಬೂತ್ ಬಾಡಿಗೆಗಿಂತ ಕಡಿಮೆ. ಸೆಲ್ಫಿ ಬೂತ್ ತೆಗೆದದ್ದಕ್ಕೆ ಯಾರೂ ಅಳಲಿಲ್ಲ.

ಕೆಲಸದವರು ಉಣ್ಣೋಕೆ ಕೂತಾಗ ಒಬ್ಬರು ಫೋನ್ ಎತ್ತಿದರು. “ಇದು ಲಿಂಕ್ಡ್‌ಇನ್‌ಗೆ ಸೂಪರ್” ಅಂದರು. ಹೌಸ್‌ಕೀಪಿಂಗ್ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡರು. ಉಣ್ಣುವಾಗ ಫೋಟೋ ಬೇಡ ಸಾರ್ ಅಂತ ಸೌಂಡಿನ ಹುಡುಗ ಹೇಳಿದ. ಫೋನ್ ಎತ್ತಿದವರು ಕೆಟ್ಟವರೇನಲ್ಲ, ಅವರು ಅದನ್ನು ಮೆಚ್ಚುಗೆಯಿಂದಲೇ ಮಾಡಿದ್ದು. ಫೋನ್ ಒಳಗಿಟ್ಟು, ತಟ್ಟೆ ಹಿಡಿದು ಅವರ ಜೊತೆಗೇ ಕೂತರು.

ಸಮಾರಂಭಗಳ ಹೊಣೆಗಾರಿಕೆಗೆ ಐಎಸ್ಒ 20121 ಅನ್ನುವ ಅಂತರರಾಷ್ಟ್ರೀಯ ಮಾನದಂಡವೇ ಇದೆ. 2012ರ ಲಂಡನ್ ಒಲಿಂಪಿಕ್ಸ್ ಹೊತ್ತಿಗೆ ಬಂದದ್ದು. ಕಸ, ವಿದ್ಯುತ್ತು, ಸಾಗಣೆಯ ಜೊತೆ ಕೆಲಸ ಮಾಡುವ ಜನರನ್ನೂ ಅದು ಲೆಕ್ಕಕ್ಕೆ ತಗೊಳ್ಳುತ್ತೆ. ನಮ್ಮಂಥ ಆಫೀಸಿನ ಕಾರ್ಯಕ್ರಮಕ್ಕೆ ಸರ್ಟಿಫಿಕೇಟು ಬೇಕಿಲ್ಲ. ನಿಮ್ಮ ಹೆಸರೂ ಯಾವುದಾದ್ರೂ ಕಮಿಟಿಗೆ ಬಂದಿದ್ರೆ, ಏಜೆನ್ಸಿಯವರ ಮುಂದೆ ಮೂರು ಪ್ರಶ್ನೆ ಇಟ್ಟು ನೋಡಿ. ನಿಮ್ಮ ಕೆಳಗಿನವರಿಗೆ ಹಣ ಎಷ್ಟು ದಿನಕ್ಕೆ ಹೋಗುತ್ತೆ? ಕೆಲಸದವರು ಏನು ಉಣ್ತಾರೆ, ಹೇಗೆ ಮನೆಗೆ ಹೋಗ್ತಾರೆ? ಮಿಕ್ಕದ್ದು ಎಲ್ಲಿಗೆ ಹೋಗುತ್ತೆ? ಮೂರಕ್ಕೂ ಉತ್ತರ ಸಿಗದೇ ಇರಬಹುದು. ಆದರೆ ಕೇಳುವವರು ಇದ್ದಾರೆ ಅಂತ ಗೊತ್ತಾದರೆ ಮುಂದಿನ ಸಲ ಅವರೇ ಉತ್ತರ ಸಿದ್ಧ ಮಾಡಿಕೊಂಡು ಬರ್ತಾರೆ.

“ಇಷ್ಟೆಲ್ಲ ಮಾಡಿದೆಯಲ್ಲ, ಮಾವನಿಗೇ ಆರ್ಡರ್ ಕೊಡಿಸಬಹುದಿತ್ತಲ್ಲ” ಅಂತ ಅಮ್ಮ ಕೇಳಿದರು. ಕೊಡಿಸಲಿಲ್ಲ. ಕಮಿಟಿಯಲ್ಲಿ ಕೂತು ಮನೆಯವರಿಗೆ ಕೆಲಸ ಕೊಡಿಸೋದು ಇನ್ನೊಂದು ರೀತಿಯ ಬೇಜವಾಬ್ದಾರಿ. ಮಾವನೂ ಕೇಳಲಿಲ್ಲ. ನಾನು ಎಲ್ಲ ಹೇಳಿದ ಮೇಲೆ, “ಹುಡುಗರಿಗೆ ಹೋಳಿಗೆ ಹಾಕಿಸಿದ್ರಾ?” ಅಂತಷ್ಟೇ ಕೇಳಿದರು.

ಕಾರ್ಯಕ್ರಮ ಮುಗಿದ 13ನೇ ದಿನ ಸೌಂಡಿನವರಿಂದ ನನಗೊಂದು ಫೋನ್ ಬಂತು. ಧ್ವನಿಯಲ್ಲಿ ಆತಂಕ ಇತ್ತು. “ಮೇಡಂ, ನಮ್ಮ ಅಕೌಂಟಿಗೆ ಪೂರ್ತಿ ಬಾಕಿ ಬಂದಿದೆ. ಬೇರೆ ಯಾರಿಗೋ ಹಾಕಬೇಕಾದ್ದನ್ನ ನಮಗೆ ಹಾಕಿಬಿಟ್ರಾ ಅಂತ ಒಂದ್ಸಲ ನೋಡ್ತೀರಾ?”